ಸರ್ವರ್ ಮರೆತಿದೆ, ಮಿಕ್ಕವು ಮರೆತಿಲ್ಲ: ನಾಸ್ ಮರುಇನ್‌ಸ್ಟಾಲ್ ಆದ ಮೇಲೆ ಲಾಗಿನ್ ಯಾಕೆ ಕೈಕೊಡುತ್ತದೆ

ಮನೆಯ ನಾಸ್ ಸರ್ವರ್‌ನ (ಫೈಲುಗಳನ್ನು ಇಟ್ಟುಕೊಂಡು ಮನೆಯ ನೆಟ್‌ವರ್ಕಿನಲ್ಲಿ ಹಂಚುವ ಕಂಪ್ಯೂಟರ್) ಓಎಸ್ ಡಿಸ್ಕ್, ಅಂದರೆ ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್, ಹಾಳಾಯಿತು ಅಂದುಕೊಳ್ಳಿ. ಹೊಸ ಎಸ್‌ಎಸ್‌ಡಿ ಹಾಕಿ ಆಪರೇಟಿಂಗ್ ಸಿಸ್ಟಂ ಮತ್ತೆ ಇನ್‌ಸ್ಟಾಲ್ ಮಾಡಿ, ಡೇಟಾ ಡಿಸ್ಕ್‌ಗಳನ್ನು ಮೊದಲಿನಂತೆ ಜೋಡಿಸಿದ್ದೀರಿ. ಫೋಟೊ, ಬ್ಯಾಕಪ್, ವಿಡಿಯೊ ಎಲ್ಲ ಇದ್ದಲ್ಲೇ ಇವೆ. ಸರ್ವರ್‌ಗೆ ಹಳೆಯ ಹೆಸರನ್ನೇ ಕೊಟ್ಟಿದ್ದೀರಿ, ಐಪಿ ವಿಳಾಸವೂ ಹಳೆಯದೇ, ಯೂಸರ್‌ನೇಮ್ ಪಾಸ್‌ವರ್ಡ್ ಕೂಡ ಅವೇ. ಆದರೂ ಲ್ಯಾಪ್‌ಟಾಪಿನಿಂದ ಫೋಲ್ಡರ್ ತೆರೆಯಹೋದರೆ ‘ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು’ ಎಂಬ ಉತ್ತರ. ಇನ್ನೊಮ್ಮೆ ನಿಧಾನವಾಗಿ, ಒಂದೊಂದೇ ಅಕ್ಷರ ನೋಡಿಕೊಂಡು ಒತ್ತುತ್ತೀರಿ. ಮತ್ತೆ ಅದೇ.

ಇಲ್ಲಿಗೆ ಬಂದಾಗ ಹೆಚ್ಚಿನವರು ಪಾಸ್‌ವರ್ಡ್ ಬದಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮತ್ತೊಮ್ಮೆ ಇನ್‌ಸ್ಟಾಲ್ ಮಾಡುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ, ಎರಡನೆಯದನ್ನು ಒಂದೇ ರಾತ್ರಿಯಲ್ಲಿ ಎರಡು ಸಲ. ಎರಡು ಸಲವೂ ಫಲ ಸೊನ್ನೆ. ಯಾಕೆಂದರೆ ತೊಂದರೆ ಇದ್ದದ್ದು ಸರ್ವರ್‌ನಲ್ಲಿ ಅಲ್ಲವೇ ಅಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ.

ಮರುಇನ್‌ಸ್ಟಾಲ್ ಆದ ಸರ್ವರ್ ಅಂದರೆ ಹಳೆಯ ಹೆಸರು ಹೊತ್ತ ಹೊಸ ಯಂತ್ರ. ಯೂಸರ್‌ಗಳ ಪಟ್ಟಿ, ಪಾಸ್‌ವರ್ಡ್‌ಗಳ ಹ್ಯಾಶ್ (ಗುಟ್ಟಾಗಿ ಬದಲಿಸಿಟ್ಟ ರೂಪ), ದೂರದಿಂದ ಕಮಾಂಡ್ ಕೊಡಲು ಬಳಸುವ ಎಸ್‌ಎಸ್‌ಎಚ್‌ನ ಗುರುತಿನ ಕೀ, ವೆಬ್ ಸರ್ಟಿಫಿಕೇಟ್ ಎಲ್ಲವನ್ನೂ ಅದು ಮರೆತಿದೆ. ಆದರೆ ಮನೆಯ ಮಿಕ್ಕ ಯಂತ್ರಗಳು ಯಾವುದನ್ನೂ ಮರೆತಿಲ್ಲ. ವಿಂಡೋಸ್ ಹಳೆಯ ಪಾಸ್‌ವರ್ಡನ್ನು ಉಳಿಸಿಕೊಂಡಿದೆ, ಮ್ಯಾಕ್‌ನ ಕೀಚೈನ್ ಉಳಿಸಿಕೊಂಡಿದೆ, ಬ್ರೌಸರ್ ಹಳೆಯ ಪುಟವನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿದೆ. ಮೂರನೆಯದು, ಜನ ಯೋಚಿಸದೇ ಬಿಡುವಂಥದ್ದು, ಡೇಟಾ ಡಿಸ್ಕ್. ಯಾವ ಫೈಲಿಗೆ ಯಾರು ಒಡೆಯರು ಎಂಬುದನ್ನು ಅದು ಹಳೆಯ ಲೆಕ್ಕದಲ್ಲೇ ಬರೆದಿಟ್ಟುಕೊಂಡಿದೆ. ಮರೆತ ಸರ್ವರ್, ಮರೆಯದ ಕಂಪ್ಯೂಟರ್‌ಗಳು, ಮರೆಯದ ಡಿಸ್ಕ್: ಈ ಮೂರರ ನಡುವೆ ಲೆಕ್ಕ ತಪ್ಪಿದಾಗಲೆಲ್ಲ ನಮ್ಮ ಕಣ್ಣಿಗೆ ಬೀಳುವುದು ‘ಲಾಗಿನ್ ಆಗುತ್ತಿಲ್ಲ’ ಎಂಬ ಒಂದೇ ದೂರು.

ಮೊದಲು, ಯಾವ ಬಾಗಿಲು?

ನಾಸ್‌ಗೆ ಕನಿಷ್ಠ ಮೂರು ಬಾಗಿಲುಗಳಿವೆ. ಬ್ರೌಸರಿನಲ್ಲಿ ತೆರೆಯುವ ಅಡ್ಮಿನ್ ಪುಟ ಒಂದು, ಟರ್ಮಿನಲ್‌ನಿಂದ ಹೋಗುವ ಎಸ್‌ಎಸ್‌ಎಚ್ ಇನ್ನೊಂದು, ಫೋಲ್ಡರ್ ತೆರೆಯುವ ಫೈಲ್ ಶೇರಿಂಗ್ ಮತ್ತೊಂದು. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟಿದ್ದರೂ ಒಳಗೆ ಅದನ್ನು ಪರೀಕ್ಷಿಸುವವರು ಬೇರೆ ಬೇರೆ. ಹಾಗಾಗಿ ‘ಎಸ್‌ಎಸ್‌ಎಚ್‌ನಲ್ಲಿ ಇದೇ ಪಾಸ್‌ವರ್ಡ್ ಕೆಲಸ ಮಾಡುತ್ತಿದೆಯಲ್ಲ’ ಅನ್ನುವುದು ಫೋಲ್ಡರ್ ವಿಷಯದಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಆಗಲೇ ಕೇಳಿಕೊಳ್ಳಿ: ನೀವು ತಟ್ಟುತ್ತಿರುವುದು ನಿಮ್ಮ ಸರ್ವರ್‌ನ ಬಾಗಿಲನ್ನೇ? ಹೊಸ ಇನ್‌ಸ್ಟಾಲ್ ಆದ ಮೇಲೆ ರೂಟರ್ ಬೇರೆ ಐಪಿ ಕೊಟ್ಟಿರಬಹುದು, ಹಳೆಯ ಐಪಿ ಟಿವಿಗೋ ಫೋನಿಗೋ ಹೋಗಿರಬಹುದು. ರೂಟರಿನ ಪುಟದಲ್ಲಿ ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ನೋಡಲು ಒಂದು ನಿಮಿಷ ಸಾಕು.

ಫೋಲ್ಡರ್ ಬಾಗಿಲು: ಒಬ್ಬರಿಗೆ ಎರಡು ಪಾಸ್‌ವರ್ಡ್

ಮನೆಯ ನಾಸ್‌ಗಳಲ್ಲಿ ಫೋಲ್ಡರ್ ಹಂಚುವ ಕೆಲಸ ಹೆಚ್ಚಾಗಿ ಸಾಂಬಾ ಎಂಬ ತಂತ್ರಾಂಶದ್ದು. 1992ರಲ್ಲಿ ಆಂಡ್ರ್ಯೂ ಟ್ರಿಜೆಲ್ ಶುರುಮಾಡಿದ ಇದು ವಿಂಡೋಸ್ ಫೋಲ್ಡರ್ ಹಂಚಲು ಬಳಸುವ ಎಸ್‌ಎಂಬಿ ಭಾಷೆಯನ್ನು ಲಿನಕ್ಸ್ ಯಂತ್ರದಿಂದ ಆಡಿಸುತ್ತದೆ. ಹೆಚ್ಚಿನ ಗೊಂದಲ ಹುಟ್ಟುವುದೂ ಇಲ್ಲೇ.

ಲಿನಕ್ಸ್ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲ. ಅದನ್ನು ಅರೆದು ಹ್ಯಾಶ್ ಮಾಡಿ ಶ್ಯಾಡೊ ಎಂಬ ಫೈಲಿನಲ್ಲಿಡುತ್ತದೆ. ಡೆಬಿಯನ್ 11ರಿಂದ ಇದಕ್ಕೆ ಬಳಸುವ ವಿಧಾನದ ಹೆಸರು ವೈಎಸ್‌ಕ್ರಿಪ್ಟ್. ಅರೆದ ಹಿಟ್ಟಿನಿಂದ ಕಾಳು ವಾಪಸ್ ಬರುವುದಿಲ್ಲ. ವಿಂಡೋಸ್ ಫೋಲ್ಡರ್ ತೆರೆಯುವಾಗ ನಡೆಸುವ ಪರೀಕ್ಷೆಗೆ ಬೇಕಾದದ್ದು ಇನ್ನೊಂದು ಬಗೆಯ ಹಿಟ್ಟು: ಎಂಡಿ4 ವಿಧಾನದಲ್ಲಿ ಮಾಡಿದ ಎನ್‌ಟಿ ಹ್ಯಾಶ್. ಒಂದರಿಂದ ಇನ್ನೊಂದನ್ನು ತಯಾರಿಸಲು ಬಾರದು. ಆದ್ದರಿಂದ ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ. ಡೆಬಿಯನ್‌ನಲ್ಲಿ ವಾರ್ ಡೈರೆಕ್ಟರಿಯೊಳಗೆ ಲಿಬ್, ಅದರೊಳಗೆ ಸಾಂಬಾ, ಅದರೊಳಗೆ ಪ್ರೈವೇಟ್ ಎಂದು ಇಳಿದರೆ ಪಾಸ್‌ಡಿಬಿ ಎಂಬ ಫೈಲ್ ಸಿಗುತ್ತದೆ. ಅದೇ ಆ ಪಟ್ಟಿ.

ಮುತುವರ್ಜಿಯಿಂದ ಬ್ಯಾಕಪ್ ಮಾಡಿದವರು ಕೂಡ ಸಿಕ್ಕಿಬೀಳುವುದು ಇಲ್ಲಿ. ಸೆಟ್ಟಿಂಗ್‌ಗಳೆಲ್ಲ ಇಟಿಸಿ ಡೈರೆಕ್ಟರಿಯಲ್ಲಿರುತ್ತವೆ ಎಂದು ಅದನ್ನು ಮಾತ್ರ ನಕಲು ಮಾಡಿಟ್ಟಿರುತ್ತಾರೆ. ಹೊಸ ಯಂತ್ರಕ್ಕೆ ಅದನ್ನು ತಂದರೆ ಎಸ್‌ಎಸ್‌ಎಚ್ ಲಾಗಿನ್ ಸರಿಯಾಗುತ್ತದೆ, ಸಾಂಬಾದ ಶೇರ್‌ಗಳೂ (ಹಂಚಿದ ಫೋಲ್ಡರ್‌ಗಳು) ಹೆಸರು ಸಮೇತ ಕಾಣಿಸುತ್ತವೆ. ಪಾಸ್‌ವರ್ಡ್ ಮಾತ್ರ ಒಪ್ಪುವುದಿಲ್ಲ. ಸಾಂಬಾದ ಪಟ್ಟಿ ಇದ್ದದ್ದು ವಾರ್‌ನಲ್ಲಿ, ಅದು ಹಳೆಯ ಡಿಸ್ಕಿನ ಜೊತೆ ಹೋಯಿತು.

ಟರ್ಮಿನಲ್‌ನಲ್ಲಿ ಯೂಸರ್ ಸೇರಿಸಿದಾಗಲೂ ಇದೇ ಕಥೆ. ಓಪನ್‌ಮೀಡಿಯಾವಾಲ್ಟ್‌ನಂಥ ನಾಸ್ ಸಿಸ್ಟಂಗಳಲ್ಲಿ ವೆಬ್ ಪುಟದಿಂದ ಯೂಸರ್ ಸೇರಿಸಿದರೆ ಅದು ಲಿನಕ್ಸ್‌ಗೂ ಸಾಂಬಾಕ್ಕೂ ಒಟ್ಟಿಗೆ ತಿಳಿಸುತ್ತದೆ. ನೀವೇ ‘ಆಡ್‌ಯೂಸರ್’ ಕಮಾಂಡ್ ಹೊಡೆದರೆ, ಅಥವಾ ‘ಪಾಸ್‌ಡಬ್ಲ್ಯುಡಿ’ ಹೊಡೆದು ಪಾಸ್‌ವರ್ಡ್ ಬದಲಿಸಿದರೆ, ಸಾಂಬಾಕ್ಕೆ ಸುದ್ದಿಯೇ ಇರುವುದಿಲ್ಲ. ಅದರ ಪಟ್ಟಿಯಲ್ಲಿ ಯಾರಿದ್ದಾರೆ ಎಂದು ನೋಡಲು ‘ಪಿಡಿಬಿಎಡಿಟ್’ ಕಮಾಂಡನ್ನು ದೊಡ್ಡಕ್ಷರ ಎಲ್ ಆಯ್ಕೆಯೊಂದಿಗೆ ಕೊಡಿ. ನಿಮ್ಮ ಹೆಸರಿಲ್ಲದಿದ್ದರೆ ‘ಎಸ್‌ಎಂಬಿಪಾಸ್‌ಡಬ್ಲ್ಯುಡಿ’ಗೆ ಎ ಆಯ್ಕೆ ಕೊಟ್ಟು ಸೇರಿಸಿ. ಆ ಹೆಸರಿನ ಲಿನಕ್ಸ್ ಯೂಸರ್ ಮೊದಲೇ ಇರಬೇಕು, ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ.

ಆಮೇಲೆ ಸೀದಾ ಲ್ಯಾಪ್‌ಟಾಪಿಗೆ ಓಡಬೇಡಿ. ಸರ್ವರ್ ಮೇಲೇ ಕುಳಿತು ‘ಎಸ್‌ಎಂಬಿಕ್ಲೈಂಟ್’ ಕಮಾಂಡಿನಿಂದ ಲೋಕಲ್‌ಹೋಸ್ಟ್‌ಗೆ, ಅಂದರೆ ಅದೇ ಯಂತ್ರಕ್ಕೆ, ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿ ನೋಡಿ. ಇಡೀ ರಿಪೇರಿಯಲ್ಲಿ ಅತಿ ಹೆಚ್ಚು ಬೆಲೆಯುಳ್ಳ ಎರಡು ನಿಮಿಷ ಇದು ಅಂತ ನನ್ನ ಎಣಿಕೆ. ಇಲ್ಲಿ ‘ಲಾಗನ್ ಫೇಲ್ಯೂರ್’ ಬಂದರೆ ತಪ್ಪು ಸರ್ವರ್‌ನದ್ದು. ಶೇರ್‌ಗಳ ಪಟ್ಟಿ ಬಂದರೆ ಸರ್ವರ್ ನಿರ್ದೋಷಿ, ಅದನ್ನು ಇನ್ನು ಮುಟ್ಟಬೇಡಿ. ಆ ರಾತ್ರಿ ನಾನು ಇಷ್ಟು ಮಾಡಿದ್ದರೆ ಎರಡು ಇನ್‌ಸ್ಟಾಲ್ ಉಳಿಯುತ್ತಿತ್ತು.

ವಿಂಡೋಸ್‌ನ ನೆನಪು

ಸರ್ವರ್ ಸರಿಯಿದ್ದೂ ವಿಂಡೋಸ್ ಒಳಗೆ ಬಿಡದಿರುವುದಕ್ಕೆ ಒಂದು ಸರಪಳಿಯೇ ಇದೆ. ಒಂದೊಂದೇ ಕೊಂಡಿ ಬಿಡಿಸುತ್ತೇನೆ, ಇದು ಅರ್ಥವಾದರೆ ಅರ್ಧ ತಲೆನೋವು ಕಳೆಯಿತು.

ಫೋಲ್ಡರ್ ಕ್ಲಿಕ್ ಮಾಡಿದ ಕೂಡಲೇ ವಿಂಡೋಸ್ ನಿಮ್ಮನ್ನು ಏನೂ ಕೇಳುವುದಿಲ್ಲ. ಮೊದಲು ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಆ ಸರ್ವರ್ ಹೆಸರಿಗೆ ಉಳಿಸಿಟ್ಟ ಪಾಸ್‌ವರ್ಡ್ ಇದೆಯೇ ನೋಡುತ್ತದೆ. ಇದ್ದರೆ ಅದನ್ನೇ ಕಳಿಸುತ್ತದೆ. ಇಲ್ಲದಿದ್ದರೆ ನೀವು ಆ ಕಂಪ್ಯೂಟರಿಗೆ ಲಾಗಿನ್ ಆಗಿರುವ ಹೆಸರಿನಲ್ಲೇ ಪ್ರಯತ್ನಿಸುತ್ತದೆ. ಮೈಕ್ರೋಸಾಫ್ಟ್ ಅಕೌಂಟ್ ಬಳಸುವವರಿಗೆ ಆ ಹೆಸರು ಒಂದು ಇಮೇಲ್ ವಿಳಾಸವಾಗಿರುತ್ತದೆ. ನಾಸ್‌ನಲ್ಲಿ ಆ ಹೆಸರಿನವರು ಯಾರೂ ಇಲ್ಲ.

ಈಗ ಸಾಂಬಾ ಏನು ಮಾಡುತ್ತದೆ? ಅದರಲ್ಲಿ ‘ಮ್ಯಾಪ್ ಟು ಗೆಸ್ಟ್’ ಎಂಬ ಸೆಟ್ಟಿಂಗ್ ಇದೆ. ಅದಕ್ಕೆ ‘ಬ್ಯಾಡ್ ಯೂಸರ್’ ಎಂದು ಕೊಟ್ಟಿದ್ದರೆ, ಗೊತ್ತಿಲ್ಲದ ಹೆಸರಿನವರನ್ನು ವಾಪಸ್ ಕಳಿಸುವ ಬದಲು ಸದ್ದಿಲ್ಲದೆ ಅತಿಥಿಯನ್ನಾಗಿ ಒಳಗೆ ಕೂರಿಸುತ್ತದೆ. ನಿಮಗೆ ಶೇರ್‌ಗಳ ಪಟ್ಟಿ ಕಾಣುತ್ತದೆ. ಲಾಗಿನ್ ಆಯಿತು ಎಂದುಕೊಳ್ಳುತ್ತೀರಿ. ನಿಮ್ಮ ಖಾಸಗಿ ಫೋಲ್ಡರ್ ತೆರೆಯಹೋದಾಗ ಬಾಗಿಲು ಮುಚ್ಚಿದೆ, ಏಕೆಂದರೆ ಅತಿಥಿಗೆ ಅಲ್ಲಿ ಪ್ರವೇಶವಿಲ್ಲ. ಆಗ ವಿಂಡೋಸ್ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ನೀವು ಸರಿಯಾದದ್ದನ್ನೇ ಕೊಡುತ್ತೀರಿ. ಆದರೆ ಒಂದೇ ಸರ್ವರ್‌ಗೆ ಒಂದೇ ಸಮಯದಲ್ಲಿ ಎರಡು ಹೆಸರಿನಲ್ಲಿ ಸಂಪರ್ಕ ಇಟ್ಟುಕೊಳ್ಳಲು ವಿಂಡೋಸ್ ಒಪ್ಪುವುದಿಲ್ಲ, ಅತಿಥಿಯ ಸಂಪರ್ಕ ಇನ್ನೂ ಜೀವಂತವಿದೆ. ದೋಷ ಸಂಖ್ಯೆ 1219. ಎಕ್ಸ್‌ಪ್ಲೋರರ್ ಕಿಟಕಿ ಈ ಸಂಖ್ಯೆಯನ್ನು ಎಷ್ಟೋ ಸಲ ತೋರಿಸುವುದೇ ಇಲ್ಲ, ಪಾಸ್‌ವರ್ಡ್ ಪೆಟ್ಟಿಗೆಯನ್ನೇ ಮತ್ತೆ ಮುಂದಿಡುತ್ತದೆ. ಸರಿಯಾದ ಪಾಸ್‌ವರ್ಡ್ ಕೊಟ್ಟು ಕೊಟ್ಟು ಸುಸ್ತಾಗುವುದು ಹೀಗೆ.

ಬಿಡಿಸಿಕೊಳ್ಳುವುದು ಕಷ್ಟವಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಯೂಸ್’ ಕೊಟ್ಟರೆ ಈಗಿರುವ ಸಂಪರ್ಕಗಳು ಕಾಣುತ್ತವೆ. ಅದರ ಮುಂದೆ ನಕ್ಷತ್ರ ಚಿಹ್ನೆ ಮತ್ತು ಡಿಲೀಟ್ ಆಯ್ಕೆ ಕೊಟ್ಟರೆ ಎಲ್ಲ ಕಡಿದುಹೋಗುತ್ತವೆ. ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಸರ್ವರ್‌ನ ಹೆಸರಿಗೂ ಐಪಿಗೂ ಇರುವ ಹಳೆಯ ನಮೂದುಗಳನ್ನು ಅಳಿಸಿ, ಕಂಪ್ಯೂಟರಿನಿಂದ ಸೈನ್ ಔಟ್ ಆಗಿ ಮತ್ತೆ ಬನ್ನಿ. ಅಳಿಸುವ ಮೊದಲು ಒಂದು ತಂತ್ರ ಮಾಡಿ ನೋಡಬಹುದು: ಸರ್ವರ್‌ನ ಹೆಸರಿನ ಬದಲು ಐಪಿ ವಿಳಾಸದಿಂದ ತೆರೆಯಿರಿ. ವಿಂಡೋಸ್ ಪಾಲಿಗೆ ಅದು ಬೇರೆಯೇ ಸರ್ವರ್, ಹಳೆಯ ನೆನಪು ಅಂಟಿಕೊಂಡಿರುವುದಿಲ್ಲ. ಹಾಗೆ ತೆರೆದರೆ ತೊಂದರೆ ಲ್ಯಾಪ್‌ಟಾಪಿನ ನೆನಪಿನದ್ದೇ ಎಂದು ಖಾತ್ರಿ.

ಕಮಾಂಡ್ ಪ್ರಾಂಪ್ಟ್ ಬಳಸುವುದರಿಂದ ಇನ್ನೊಂದು ಲಾಭವಿದೆ. ಅದು ಸಂಖ್ಯೆ ಹೇಳುತ್ತದೆ. 53 ಬಂದರೆ ಸರ್ವರ್ ಸಿಗುತ್ತಲೇ ಇಲ್ಲ, ಪಾಸ್‌ವರ್ಡಿನ ಮಾತು ಆಮೇಲೆ. 67 ಬಂದರೆ ಶೇರ್ ಹೆಸರು ತಪ್ಪಾಗಿರುವ ಸಾಧ್ಯತೆ ಹೆಚ್ಚು. 86 ಅಥವಾ 1326 ಆದರೆ ನಿಜಕ್ಕೂ ಹೆಸರು, ಪಾಸ್‌ವರ್ಡ್ ಒಪ್ಪುತ್ತಿಲ್ಲ. 5 ಅಂದರೆ ನೀವು ಯಾರೆಂದು ಗೊತ್ತಾಗಿದೆ, ಅನುಮತಿ ಇಲ್ಲ.

ಇದುವರೆಗೆ ಅತಿಥಿಯಾಗಿಯೇ, ಪಾಸ್‌ವರ್ಡ್ ಇಲ್ಲದೆ ನಾಸ್ ಬಳಸುತ್ತಿದ್ದವರಿಗೆ ಬೇರೆ ಅಡ್ಡಿ ಎದುರಾಗಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಎಡಿಶನ್‌ನಲ್ಲಿ ಎಸ್‌ಎಂಬಿ ಸಂಪರ್ಕಕ್ಕೆ ಡಿಜಿಟಲ್ ಸಹಿ ಕಡ್ಡಾಯವಾಗಿದೆ, ಅತಿಥಿ ಪ್ರವೇಶವನ್ನೂ ತಾನಾಗಿ ತಡೆಯುತ್ತದೆ. ಅದನ್ನು ಸಡಿಲಿಸುವ ಉಪಾಯಗಳಿವೆ, ನಾನು ಹೇಳುವುದಿಲ್ಲ. ಒಂದು ಯೂಸರ್ ಮಾಡಿ ಪಾಸ್‌ವರ್ಡ್ ಕೊಡಿ, ಅಷ್ಟೇ ಸಾಕು. ಹಾಗೆಯೇ ಎಸ್‌ಎಂಬಿ1 ಮಾತ್ರ ಬಲ್ಲ ಹಳೆಯ ಸ್ಕ್ಯಾನರ್, ಮೀಡಿಯಾ ಪ್ಲೇಯರ್‌ಗಳು ಮರುಇನ್‌ಸ್ಟಾಲ್ ನಂತರ ಏಕಾಏಕಿ ಮೂಕವಾಗುವುದುಂಟು. ಸಾಂಬಾ 2019ರಲ್ಲಿ ಬಂದ 4.11ರಿಂದ ಎಸ್‌ಎಂಬಿ1 ಅನ್ನು ತಾನಾಗಿ ಮುಚ್ಚಿಟ್ಟಿದೆ. ಹಳೆಯ ಇನ್‌ಸ್ಟಾಲ್‌ನಲ್ಲಿ ಯಾವಾಗಲೋ ತೆರೆದಿಟ್ಟದ್ದು ನಿಮಗೆ ಮರೆತೇಹೋಗಿರುತ್ತದೆ. ಅಂದಹಾಗೆ, ವಿಂಡೋಸ್‌ನ ನಾಲ್ಕಂಕಿ ಪಿನ್ ನಾಸ್‌ನ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಎಂದೂ ನಡೆಯುವುದಿಲ್ಲ. ಅದು ಆ ಕಂಪ್ಯೂಟರಿನೊಳಗೇ ಉಳಿಯುವಂಥದ್ದು.

ಒಳಗೆ ಬಂದೆ, ಆದರೆ ನನ್ನ ಫೋಲ್ಡರ್ ನನ್ನದಲ್ಲ

ಡಿಸ್ಕಿನ ನೆನಪು ಮೂರರಲ್ಲಿ ಅತಿ ವಿಚಿತ್ರ. ಲಿನಕ್ಸ್‌ನಲ್ಲಿ ಫೈಲಿನ ಒಡೆಯರ ಹೆಸರು ಡಿಸ್ಕ್ ಮೇಲೆ ಬರೆದಿರುವುದಿಲ್ಲ. ಬರೆದಿರುವುದು ಯುಐಡಿ ಎಂಬ ಸಂಖ್ಯೆ. ಡೆಬಿಯನ್‌ನಲ್ಲಿ ಮೊದಲ ಯೂಸರ್‌ಗೆ 1000, ಮುಂದಿನವರಿಗೆ 1001, ಹೀಗೆ ಸೇರಿಸಿದ ಕ್ರಮದಲ್ಲಿ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಯಾರದ್ದು ಎಂಬ ಪಟ್ಟಿ ಓಎಸ್ ಡಿಸ್ಕಿನಲ್ಲಿರುತ್ತದೆ.

ನಮ್ಮ ಮನೆಯ ನಾಸ್‌ನಲ್ಲಿ ಮೊದಲು ನಾನು 1000, ಅಕ್ಕ 1001. ಮರುಇನ್‌ಸ್ಟಾಲ್ ಮಾಡಿದ ದಿನ ಅಕ್ಕನಿಗೆ ತುರ್ತಾಗಿ ಯಾವುದೋ ಕಾಗದಪತ್ರ ಬೇಕಿತ್ತು. ಅವಳ ಹೆಸರನ್ನೇ ಮೊದಲು ಸೇರಿಸಿದೆ. ಅವಳು 1000 ಆದಳು, ನಾನು 1001. ಆಮೇಲೆ ಅವಳ ಫೋನ್ ಬಂತು: “ಲಾಗಿನ್ ಆಯ್ತು ಕಣೋ, ನನ್ನ ಫೋಲ್ಡರ್ ತೆಗೀತಾ ಇಲ್ಲ. ನಿಂದು ಮಾತ್ರ ಸಲೀಸಾಗಿ ತೆಗೀತು.” ಡಿಸ್ಕ್‌ಗೆ ಹೆಸರು ಗೊತ್ತಿಲ್ಲ. 1000 ಬಂದರೆ ನನ್ನ ಫೋಲ್ಡರ್ ಕೊಡು ಎಂದು ಬರೆದಿತ್ತು, ಕೊಟ್ಟಿತು.

ಇದನ್ನು ಕಣ್ಣಾರೆ ನೋಡಲು ಸರ್ವರ್ ಮೇಲೆ ‘ಎಲ್‌ಎಸ್’ ಕಮಾಂಡಿಗೆ ಎಲ್ ಮತ್ತು ಎನ್ ಆಯ್ಕೆಗಳನ್ನು ಕೊಡಿ. ಹೆಸರಿನ ಬದಲು ಸಂಖ್ಯೆಗಳೇ ಕಾಣುತ್ತವೆ. ಪಕ್ಕದಲ್ಲಿ ‘ಐಡಿ’ ಕಮಾಂಡಿಗೆ ನಿಮ್ಮ ಹೆಸರು ಕೊಟ್ಟು ಈಗಿನ ಸಂಖ್ಯೆ ನೋಡಿ. ಎರಡೂ ತಾಳೆಯಾಗದಿದ್ದರೆ ಕಳ್ಳ ಸಿಕ್ಕ. ಬೇರೆ ಸಿಸ್ಟಂಗೆ ಬದಲಾಯಿಸಿದವರಲ್ಲಿ ಇದು ಆಗೇ ಆಗುತ್ತದೆ ಅನ್ನಬಹುದು. ಸೈನಾಲಜಿಯ ಸಂಖ್ಯೆಗಳು 1024ರಿಂದ ಶುರುವಾಗುತ್ತವೆ, ಟ್ರೂನಾಸ್ ಸ್ಕೇಲ್‌ನ ಈಚಿನ ಆವೃತ್ತಿಗಳಲ್ಲಿ ನಾವು ಸೇರಿಸುವ ಯೂಸರ್‌ಗಳಿಗೆ 3000ದಿಂದ.

ಇದಕ್ಕೆ ಹುಡುಕಿದರೆ ಮೊದಲು ಸಿಗುವ ಸಲಹೆ, ಇಡೀ ಡಿಸ್ಕಿನ ಮೇಲೆ ‘ಚೋನ್’ ಓಡಿಸಿ ಎಲ್ಲವನ್ನೂ ನಿಮ್ಮ ಹೆಸರಿಗೆ ಬರೆಸಿಬಿಡಿ ಎಂಬುದು. ಒಬ್ಬರೇ ಬಳಸುವ ನಾಸ್ ಆದರೆ ಸರಿ. ಮೂರ್ನಾಲ್ಕು ಜನರದ್ದಾದರೆ ಯಾವುದು ಯಾರದ್ದು ಎಂಬ ಗುರುತು ಶಾಶ್ವತವಾಗಿ ಅಳಿಸಿಹೋಗುತ್ತದೆ. ನಾನಂತೂ ತಿರುಗಿಸಿ ಮಾಡುತ್ತೇನೆ: ಫೈಲುಗಳನ್ನು ಮುಟ್ಟದೆ ಹೊಸ ಯೂಸರ್‌ಗಳಿಗೆ ಹಳೆಯ ಸಂಖ್ಯೆ ಕೊಡುತ್ತೇನೆ. ‘ಯೂಸರ್‌ಮಾಡ್’ ಕಮಾಂಡಿನ ಯು ಆಯ್ಕೆ ಅದಕ್ಕೇ ಇರುವುದು. ಅದಲುಬದಲಾದ ಎರಡು ಸಂಖ್ಯೆಗಳನ್ನು ನೇರವಾಗಿ ಬದಲಿಸಲು ಬರುವುದಿಲ್ಲ, ಒಬ್ಬರನ್ನು ತಾತ್ಕಾಲಿಕವಾಗಿ ಯಾರಿಗೂ ಸೇರದ ಸಂಖ್ಯೆಗೆ ಸರಿಸಿ ಜಾಗ ಮಾಡಿಕೊಳ್ಳಬೇಕು. ಆ ಹೊತ್ತಿನಲ್ಲಿ ಆ ಯೂಸರ್ ಲಾಗಿನ್ ಆಗಿರಬಾರದು.

ಎಸ್‌ಎಂಬಿ ಬದಲು ಎನ್‌ಎಫ್‌ಎಸ್ ಎಂಬ ಇನ್ನೊಂದು ಹಂಚಿಕೆ ವಿಧಾನ ಬಳಸುವವರಿಗೆ ಈ ಸಂಖ್ಯೆಯೇ ಸರ್ವಸ್ವ. ಸಾಮಾನ್ಯ ಮನೆ ಸೆಟಪ್‌ನಲ್ಲಿ ಅಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ, ಕ್ಲೈಂಟ್ ಹೇಳಿದ ಸಂಖ್ಯೆಯನ್ನು ಸರ್ವರ್ ನಂಬುತ್ತದೆ. ಫೈಲಿನ ಒಡೆಯರ ಜಾಗದಲ್ಲಿ ‘ನೋಬಡಿ’ ಅಥವಾ 65534 ಕಂಡರೆ ಸಂಖ್ಯೆಗಳ ಲೆಕ್ಕ ತಪ್ಪಿರಬೇಕು, ಇಲ್ಲವೇ ನೀವು ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿ ಬರೆದದ್ದನ್ನು ಸರ್ವರ್ ನೋಬಡಿಗೆ ಇಳಿಸಿರಬೇಕು. ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂದರೆ ಆ ಫೋಲ್ಡರಿನ ಜೋಡಣೆ ಬಿಡಿಸಿ (ಅನ್‌ಮೌಂಟ್) ಮತ್ತೆ ಜೋಡಿಸಿ (ಮೌಂಟ್).

ಎಸ್‌ಎಸ್‌ಎಚ್ ಕಿರುಚಿಕೊಂಡರೆ

ಗುರುತು ಬದಲಾಗಿದೆ, ಯಾರೋ ನಡುವೆ ಕುಳಿತು ಕದ್ದು ಕೇಳುತ್ತಿರಬಹುದು ಎಂದು ಎಸ್‌ಎಸ್‌ಎಚ್ ದೊಡ್ಡಕ್ಷರಗಳಲ್ಲಿ ಹೆದರಿಸುತ್ತದೆ. ಈ ಸಲ ಆ ‘ಯಾರೋ’ ನೀವೇ. ಹೊಸ ಇನ್‌ಸ್ಟಾಲ್‌ನಲ್ಲಿ ಹೊಸ ಹೋಸ್ಟ್ ಕೀ ಹುಟ್ಟಿದೆ, ನಿಮ್ಮ ಲ್ಯಾಪ್‌ಟಾಪಿನ ನೋನ್-ಹೋಸ್ಟ್ಸ್ ಫೈಲಿನಲ್ಲಿ ಹಳೆಯದಿದೆ. ‘ಎಸ್‌ಎಸ್‌ಎಚ್-ಕೀಜೆನ್’ಗೆ ದೊಡ್ಡಕ್ಷರ ಆರ್ ಆಯ್ಕೆ ಮತ್ತು ಸರ್ವರ್ ಹೆಸರು ಕೊಟ್ಟು ಹಳೆಯದನ್ನು ತೆಗೆಯಿರಿ, ಐಪಿಗೂ ಒಮ್ಮೆ ಮಾಡಿ. ಹೊಸ ಬೆರಳಚ್ಚನ್ನು ಒಪ್ಪುವ ಮುನ್ನ ಸರ್ವರ್‌ಗೆ ಮಾನಿಟರ್ ಹಚ್ಚಿ ಅಲ್ಲಿನದರ ಜೊತೆ ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ. ನಾನು ಪ್ರತಿಸಲ ಮಾಡುತ್ತೇನೆ ಎಂದು ಸುಳ್ಳು ಹೇಳುವುದಿಲ್ಲ.

ರೂಟ್ ಹೆಸರು, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಿಡದಿದ್ದರೆ ಆಶ್ಚರ್ಯ ಬೇಡ. 2015ರ ಓಪನ್‌ಎಸ್‌ಎಸ್‌ಎಚ್ 7.0ರಿಂದ ರೂಟ್‌ಗೆ ಪಾಸ್‌ವರ್ಡ್ ಮೂಲಕ ಲಾಗಿನ್ ತಾನಾಗಿ ಬಂದ್. ಕೀ ಬಳಸಿದರೂ ಬಿಡದಿದ್ದರೆ ನಿಮ್ಮ ಹೋಮ್ ಡೈರೆಕ್ಟರಿಯ ಅನುಮತಿ ನೋಡಿ. ಅಲ್ಲಿ ಬೇರೆಯವರಿಗೂ ಬರೆಯುವ ಹಕ್ಕು ಇದ್ದರೆ ಎಸ್‌ಎಸ್‌ಎಚ್ ಆ ಕೀಯನ್ನು ನಂಬುವುದಿಲ್ಲ, ಕಾರಣವನ್ನು ನಿಮಗೆ ಹೇಳುವುದೂ ಇಲ್ಲ, ಸರ್ವರ್‌ನ ಲಾಗ್‌ನಲ್ಲಿ ಮಾತ್ರ ಬರೆದಿಡುತ್ತದೆ. ಓಪನ್‌ಮೀಡಿಯಾವಾಲ್ಟ್‌ನಲ್ಲಿ ಯೂಸರ್ ಎಸ್‌ಎಸ್‌ಎಚ್ ಗುಂಪಿನಲ್ಲೂ ಇರಬೇಕು.

ಅಡ್ಮಿನ್ ಪುಟ

ಹೊಸ ಇನ್‌ಸ್ಟಾಲ್‌ನ ಅಡ್ಮಿನ್ ಹೆಸರು ಹಳೆಯದೇ ಆಗಿರಬೇಕೆಂದಿಲ್ಲ. ಓಪನ್‌ಮೀಡಿಯಾವಾಲ್ಟ್‌ನಲ್ಲಿ ಮೊದಲ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ‘ಓಪನ್‌ಮೀಡಿಯಾವಾಲ್ಟ್’, ಎಲ್ಲ ಸಣ್ಣಕ್ಷರ. ಇನ್‌ಸ್ಟಾಲ್ ವೇಳೆ ಕೊಟ್ಟ ರೂಟ್ ಪಾಸ್‌ವರ್ಡ್ ಈ ಪುಟಕ್ಕಲ್ಲ. ಟ್ರೂನಾಸ್‌ನ ಹೊಸ ಆವೃತ್ತಿಗಳಲ್ಲಿ ರೂಟ್ ಬದಲು ‘ಟ್ರೂನಾಸ್ ಅಡ್ಮಿನ್’ ಇದೆ, ನಡುವೆ ಅಂಡರ್‌ಸ್ಕೋರ್.

ಪಾಸ್‌ವರ್ಡ್ ತಪ್ಪು ಎಂದೂ ಹೇಳದೆ, ಒಳಗೂ ಬಿಡದೆ, ಪುಟ ಮತ್ತೆ ಲಾಗಿನ್ ಪರದೆಗೇ ಮರಳುತ್ತಿದ್ದರೆ ಅನುಮಾನಿಸಬೇಕಾದ್ದು ತುಂಬಿಹೋದ ಓಎಸ್ ಡಿಸ್ಕ್. ಸೆಶನ್ ಬರೆದಿಡಲು ಜಾಗವಿಲ್ಲದೆ ಹಾಗಾಗುತ್ತದೆ. ಡೇಟಾ ಡಿಸ್ಕ್ ಮೌಂಟ್ ಆಗದಿದ್ದಾಗ ಬ್ಯಾಕಪ್ ಓಡಿದರೆ ಅದು ಖಾಲಿ ಮೌಂಟ್ ಡೈರೆಕ್ಟರಿಗೇ ಬರೆದು ಪುಟ್ಟ ಓಎಸ್ ಡಿಸ್ಕನ್ನು ತುಂಬಿಸಿಬಿಡುತ್ತದೆ. ಮರುಇನ್‌ಸ್ಟಾಲ್ ಆದ ಹೊಸತರಲ್ಲಿ ಇದು ಅಪರೂಪವೇನಲ್ಲ. ‘ಡಿಎಫ್’ ಕಮಾಂಡ್ ಹೇಳಿಬಿಡುತ್ತದೆ. ಜಾಗ ಇದ್ದರೆ ಬ್ರೌಸರಿನ ಪ್ರೈವೇಟ್ ಕಿಟಕಿಯಲ್ಲಿ ತೆರೆದು ನೋಡಿ, ಹಳೆಯ ಕ್ಯಾಶ್ ಇದ್ದರೆ ಗೊತ್ತಾಗುತ್ತದೆ.

ಇನ್ನು ಕೆಲವು ಸಲ ತಪ್ಪು ಪ್ರಯತ್ನಗಳೇ ಬೀಗ ಹಾಕಿಸುತ್ತವೆ. ಪದೇಪದೇ ಸೋತವರನ್ನು ತಡೆಯುವ ಫೇಲ್‌ಟುಬ್ಯಾನ್ ತಂತ್ರಾಂಶ ಇದ್ದರೆ ತಾನಾಗಿ ಇರುವ ಲೆಕ್ಕದಲ್ಲಿ ಹತ್ತು ನಿಮಿಷದೊಳಗೆ 5 ಸೋಲು, ಆಮೇಲೆ ಹತ್ತು ನಿಮಿಷ ಆ ಐಪಿಗೆ ಬಹಿಷ್ಕಾರ. ಹಳೆಯ ಪಾಸ್‌ವರ್ಡ್ ಇಟ್ಟುಕೊಂಡ ಯಾವುದೋ ಬ್ಯಾಕಪ್ ಆ್ಯಪ್ ಹಿನ್ನೆಲೆಯಲ್ಲಿ ತಟ್ಟುತ್ತಲೇ ಇದ್ದರೆ ನಿಮ್ಮ ಲ್ಯಾಪ್‌ಟಾಪ್ ದಿನವಿಡೀ ಹೊರಗೇ. ಇನ್ನೊಂದು ಸಾಧನದಿಂದ ಲಾಗಿನ್ ಆದರೆ ಇದೇ ಕಾರಣ ಎಂದು ತಿಳಿಯಿರಿ. ಓಪನ್‌ಮೀಡಿಯಾವಾಲ್ಟ್‌ನಲ್ಲಿ ‘ಓಎಂವಿ-ಫಸ್ಟ್‌ಏಡ್’ ಎಂಬ ಕಮಾಂಡ್ ಸೋಲಿನ ಎಣಿಕೆಯನ್ನು ಅಳಿಸುತ್ತದೆ, ಅಡ್ಮಿನ್ ಪಾಸ್‌ವರ್ಡನ್ನೂ ಹೊಸದಾಗಿ ಕೊಡುತ್ತದೆ. ಎರಡು ಹಂತದ ಕೋಡ್ ಬಳಸುವವರು ಸರ್ವರ್‌ನ ಗಡಿಯಾರ ನೋಡಿ. ಆ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುವಂಥದ್ದು, ಗಡಿಯಾರ ಕೆಲವು ನಿಮಿಷ ಆಚೀಚೆ ಆದರೂ ಯಾವ ಕೋಡೂ ಒಪ್ಪುವುದಿಲ್ಲ.

ಸರ್ವರ್‌ಗೆ ನೇರವಾಗಿ ಕೀಬೋರ್ಡ್ ಹಚ್ಚಿದಾಗಲೂ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆಯೇ? ಇನ್‌ಸ್ಟಾಲ್ ವೇಳೆ ಆರಿಸಿದ ಕೀಬೋರ್ಡ್ ವಿನ್ಯಾಸ ನೋಡಿ. ಅಮೆರಿಕನ್ ವಿನ್ಯಾಸದಲ್ಲಿ ಶಿಫ್ಟ್ ಒತ್ತಿ 2 ಹೊಡೆದರೆ ಇಮೇಲ್‌ನ ಅಟ್ ಚಿಹ್ನೆ, ಬ್ರಿಟಿಷ್ ವಿನ್ಯಾಸದಲ್ಲಿ ಅದೇ ಕೀಗೆ ಉದ್ಧರಣ ಚಿಹ್ನೆ. ಪಾಸ್‌ವರ್ಡ್ ಪರದೆಯ ಮೇಲೆ ಕಾಣುವುದಿಲ್ಲವಾದ್ದರಿಂದ ಯೂಸರ್‌ನೇಮ್ ಜಾಗದಲ್ಲಿ ಟೈಪ್ ಮಾಡಿ ನೋಡಿ, ಅಕ್ಷರಗಳು ಬಯಲಾಗುತ್ತವೆ. ನೋಡಿದ ಮೇಲೆ ಎಂಟರ್ ಒತ್ತದೆ ಅಳಿಸಿ, ಇಲ್ಲದಿದ್ದರೆ ಅದು ಲಾಗ್ ಸೇರುತ್ತದೆ.

ಈಗ ನಮ್ಮ ನಾಸ್‌ನ ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಪಾಸ್‌ವರ್ಡ್ ಒಂದೂ ಇಲ್ಲ. ಯೂಸರ್‌ಗಳ ಹೆಸರು, ಎದುರಿಗೆ ಅವರವರ ಯುಐಡಿ, ಕೆಳಗೆ ಸಾಂಬಾದ ಪಾಸ್‌ಡಿಬಿ ಫೈಲ್ ಎಲ್ಲಿ ನಕಲಾಗಿದೆ ಎಂಬ ಒಂದು ಸಾಲು. ಮೊದಲ ಸಾಲಿನಲ್ಲಿ ನಾನು 1000, ಎರಡನೆಯದರಲ್ಲಿ ಅಕ್ಕ 1001.